ಕಿಟಕಿಯಿಂದ ಕಂಡ ಟಿ.ವಿ.

ನಮ್ಮ ಮನೆಗೆ ಹೊಸದಾಗಿ ಬಂದವರು ಕಾಫಿ ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಒಂದು ಪ್ರಶ್ನೆ ಕೇಳುವುದು ವಾಡಿಕೆಯಾಗಿದೆ. "ಮೇಡಂ, ಇಷ್ಟೊಂದು ಕೆಟ್ಟ ಟಿ.ವಿ. ಇಟ್ಟುಕೊಂಡು ಏನು ಮಾಡ್ತೀರಿ?" ಕೆಲವರು ನಮ್ಮ ಮನೆಯವರು ರಿಪೇರಿ ಅಂಗಡಿ ಇಟ್ಟಿದ್ದಾರೆಂದು ತಿಳಿದು ತಮ್ಮ ಮನೆಯ ಮಿಕ್ಸಿಯ ವಿಚಾರ ಎತ್ತಿದ್ದೂ ಉಂಟು. ಹೆಂಗಸರು ಹಳೆಯ ಹಿತ್ತಾಳೆ ದೀಪ ಕೂಡಿಡುತ್ತಾರೆ, ಮೈಸೂರು ರೇಷ್ಮೆ ಸೀರೆ ಕೂಡಿಡುತ್ತಾರೆ, ಪ್ಲಾಸ್ಟಿಕ್ ಡಬ್ಬಗಳನ್ನಂತೂ ಎಲ್ಲರೂ ಕೂಡಿಡುತ್ತಾರೆ. ಸಮಾಜ ವಿಜ್ಞಾನ ಹೇಳಿಕೊಡುವ ಟೀಚರೊಬ್ಬಳು ಹಳೆಯ ಟ್ರಾನ್ಸಿಸ್ಟರ್ ಟಿ.ವಿ.ಗಳನ್ನು ಕೂಡಿಡುವುದು ಯಾರಿಗೂ ಒಗ್ಗದ ಸಂಗತಿ. ನಮ್ಮ ಮನೆಯವರು ಮಾತ್ರ, "ಇರಲಿ ಬಿಡಿ, ಅವು ಮಾತಾಡೋದಿಲ್ಲ, ಅಷ್ಟೇ ಸಮಾಧಾನ" ಎಂದು ನಕ್ಕು ಸುಮ್ಮನಾಗುತ್ತಾರೆ.

ಇದು ಶುರುವಾದದ್ದು ಅಪ್ಪನ ಮನೆ ಕೆಡವುವಾಗ. ನನ್ನ ತವರು ಬದನಗುಪ್ಪೆಯ ಆಸುಪಾಸಿನ ಒಂದು ಹಳ್ಳಿ. ಚಾಮರಾಜನಗರಕ್ಕೆ ಹೋಗುವ ರೈಲಿನಲ್ಲಿ ಬದನಗುಪ್ಪೆ ನಿಲ್ದಾಣದಲ್ಲಿ ಇಳಿದು, ಹೊಲಗಳ ನಡುವೆ ನಡೆದರೆ ನಮ್ಮೂರು. ಹಳೆಯ ತೊಟ್ಟಿಮನೆ ತೆಗೆದು ಆರ್.ಸಿ.ಸಿ. ಮನೆ ಕಟ್ಟಿಸುವುದೆಂದು ಅಣ್ಣ ನಿರ್ಧಾರ ಮಾಡಿದ್ದ. ಒಂದು ದಿನ ಫೋನ್ ಮಾಡಿ, "ಅಟ್ಟದ ಮೇಲೆ ನಮ್ಮ ಹಳೇ ಟಿ.ವಿ. ಅದೆ. ಗುಜರಿಯವನು ನೂರೈವತ್ತು ಕೊಡ್ತೀನಿ ಅಂತಾನೆ. ಕೊಟ್ಟುಬಿಡ್ಲಾ?" ಎಂದ. ಅದೇನೋ, ಆ ಕ್ಷಣದಲ್ಲಿ ನನ್ನ ಬಾಯಿಂದ "ಬೇಡ, ನಾನು ಬರ್ತೀನಿ" ಎಂಬ ಮಾತು ಬಂತು.

ಹೋಗಿ ನೋಡಿದೆ. ಅಟ್ಟದಿಂದ ಇಳಿಸಿ ಜಗಲಿಯ ಮೇಲೆ ಇಟ್ಟಿದ್ದರು. 20 ಇಂಚಿನ ಕಪ್ಪು ಬಿಳುಪಿನ ಸೆಟ್ಟು. ಮರದ ಪೆಟ್ಟಿಗೆ, ಎರಡೂ ಕಡೆಯಿಂದ ಜರುಗಿ ನಡುವೆ ಸೇರುವ ಮರದ ಪಟ್ಟಿಯ ಬಾಗಿಲು, ಅದಕ್ಕೊಂದು ಪುಟ್ಟ ಬೀಗ. ಬೀಗದ ಕೈ ಎಲ್ಲೋ ಕಳೆದಿತ್ತು. ಮನೆಯ ಹೆಂಚು ಆಗಲೇ ಇಳಿದಿತ್ತು. ಪಡಸಾಲೆಯ ಕಿಟಕಿಗಳನ್ನು ಕಿತ್ತು ಗೋಡೆಗೆ ಒರಗಿಸಿದ್ದರು. ಅವುಗಳಲ್ಲಿ ಒಂದು ಕಿಟಕಿಯ ಕಂಬಿಗಳು ಮಾತ್ರ ಬುಡದಲ್ಲಿ ತುಕ್ಕು ತಿಂದು ಸಣ್ಣಗಾಗಿದ್ದವು. ಮಳೆ ನೀರು ಬಿದ್ದಿರಬೇಕೆಂದುಕೊಂಡೆ. ಆ ಕಿಟಕಿಯ ಮಾತು ಮುಂದೆ ಬರುತ್ತದೆ.

ಆ ಟಿ.ವಿ. ನಮ್ಮ ಮನೆಗೆ ಬಂದದ್ದು 1985ರ ಸಂಕ್ರಾಂತಿ ಕಳೆದ ಮೇಲೆ. ಅದಕ್ಕೆ ಕೆಲವೇ ತಿಂಗಳ ಹಿಂದೆ, 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರ ಹತ್ಯೆಯಾಗಿತ್ತು. ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದ ಅಪ್ಪ ನವೆಂಬರ್ 3ರ ಅಂತ್ಯಸಂಸ್ಕಾರವನ್ನು ಯಾವುದೋ ಅಂಗಡಿಯ ಮುಂದೆ ಗುಂಪಿನಲ್ಲಿ ನಿಂತು ನೋಡಿ ಬಂದಿದ್ದರು. "ದೆಹಲಿಯಲ್ಲಿ ಉರಿಯೋ ಚಿತೆ ಮೈಸೂರಲ್ಲಿ ಕಾಣುತ್ತಲ್ಲ" ಎಂದು ಅವರು ವಾರಗಟ್ಟಲೆ ಹೇಳುತ್ತಿದ್ದರು. ಆ ವರ್ಷದ ಕಬ್ಬಿನ ಹಣದಲ್ಲಿ ಟಿ.ವಿ. ತಂದೇಬಿಟ್ಟರು. ಆಗಿನ್ನೂ ಮೀಟರ್ ಗೇಜ್ ರೈಲು. ಬದನಗುಪ್ಪೆ ನಿಲ್ದಾಣದಲ್ಲಿ ಇಳಿಸಿ, ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಬಾಣಂತಿಯನ್ನು ಕರೆತರುವಂತೆ ತಂದರು. ನಾನಾಗ ಹದಿಮೂರು ತುಂಬಿದ ಹುಡುಗಿ.

ಮೈಸೂರು ನಮಗೆ ಸುಮಾರು 50 ಕಿಲೋಮೀಟರು. ಅಲ್ಲಿಂದ ಬರುವ ಸಂಕೇತ ನಮ್ಮೂರು ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತಿತ್ತು. ಉದ್ದನೆಯ ಕಬ್ಬಿಣದ ಪೈಪಿನ ತುದಿಗೆ ಆಂಟೆನಾ ಕಟ್ಟಿ, ಬೂಸ್ಟರ್ ಹಾಕಿದ್ದರೂ ಪರದೆಯ ತುಂಬ ಇರುವೆ ಹರಿದಾಡಿದಂತೆ ಕಾಣುತ್ತಿತ್ತು. ಅಣ್ಣ ಮಾಡಿನ ಮೇಲೆ ನಿಂತು ಪೈಪು ತಿರುಗಿಸುವುದು, "ಬಂತಾ?" ಎನ್ನುವುದು, ನಾನು ಒಳಗಿನಿಂದ "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಅಯ್ಯೋ ಹೋಯ್ತು!" ಎಂದು ಕೂಗುವುದು. ಆ ಕಾಲದ ಹೆಣ್ಣುಮಕ್ಕಳು ಯಾರೇ ಆಗಲಿ, ಇದನ್ನು ಓದಿದರೆ ನಗದೆ ಇರಲಾರರು.

ಇಷ್ಟು ನೆನಪಿನ ಬಲದ ಮೇಲೆ ಸೆಟ್ಟನ್ನು ಚಾಮರಾಜನಗರದ ನಮ್ಮ ಮನೆಗೆ ತಂದೆ. ಊರಿನಲ್ಲಿ ಒಬ್ಬರು ಹಿರಿಯ ಟಿ.ವಿ. ಮೆಕ್ಯಾನಿಕ್ ಇದ್ದಾರೆ. ಈಗ ಮೊಬೈಲ್ ಕವರು, ರಿಮೋಟು ಮಾರುತ್ತಾರೆ. ಅವರನ್ನು ಕರೆಸಿ, ಪ್ಲಗ್ಗಿಗೆ ಹಾಕಲು ಹೋದೆ. ಅವರು ನನ್ನ ಕೈ ತಡೆದರು. ವರ್ಷಾನುಗಟ್ಟಲೆ ಮಲಗಿದ್ದ ಸೆಟ್ಟಿಗೆ ಒಮ್ಮೆಲೇ ಕರೆಂಟ್ ಕೊಡಬಾರದಂತೆ. ಒಳಗಿನ ಕಂಡೆನ್ಸರುಗಳು ಒಣಗಿರುತ್ತವೆ, ಹೊಗೆ ಬರುತ್ತದೆ, ಕೆಲವೊಮ್ಮೆ ಸಿಡಿಯುತ್ತವೆ. ಅವರು ಸೀರೀಸ್ ಬೋರ್ಡು ತಂದರು. ಸೆಟ್ಟಿಗೆ ಹೋಗುವ ಕರೆಂಟು ಒಂದು ಸಾಧಾರಣ ಬಲ್ಬಿನ ಮೂಲಕ ಹಾದು ಹೋಗುತ್ತದೆ. ಒಳಗೆ ಎಲ್ಲಾದರೂ ಷಾರ್ಟ್ ಆಗಿದ್ದರೆ ಬಲ್ಬು ಪೂರ್ತಿ ಉರಿದು ತಿಳಿಸುತ್ತದೆ, ಸೆಟ್ಟು ಉಳಿಯುತ್ತದೆ. ಇನ್ನೊಂದು ಎಚ್ಚರಿಕೆಯನ್ನೂ ಹೇಳಿದರು. ಪಿಕ್ಚರ್ ಟ್ಯೂಬಿಗೆ ಹತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ಒತ್ತಡ ಬೇಕು. ಸ್ವಿಚ್ ಆರಿಸಿದ ಮೇಲೂ ಅದು ಟ್ಯೂಬಿನಲ್ಲಿ ಅಡಗಿ ಕೂತಿರುತ್ತದೆ. ಹಿಂದಿನ ಮುಚ್ಚಳ ತೆಗೆದು ಒದ್ದೆ ಬಟ್ಟೆಯಲ್ಲಿ ಒರೆಸಲು ಹೊರಟ ಗೃಹಿಣಿ ಅದರ ಹೊಡೆತ ತಿನ್ನಬೇಕಾಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಆ ಮೆಕ್ಯಾನಿಕ್ಕೇ ನನಗೆ ಗುರು. ಅವರ ಬಾಯಿಂದ ಕೇಳಿದ್ದು, ಆಮೇಲೆ ಓದಿ ತಿಳಿದದ್ದು ಎರಡನ್ನೂ ಸೇರಿಸಿ ಇಲ್ಲಿ ಸಂಕ್ಷೇಪವಾಗಿ ಹೇಳುತ್ತೇನೆ.

ಮೊದಮೊದಲ ಟಿ.ವಿ.ಗಳು ವಾಲ್ವಿನವು. ಹಳೆಯ ರೇಡಿಯೋದ ಹಿಂದೆ ಕೆಂಪಗೆ ಉರಿಯುತ್ತಿದ್ದ ಗಾಜಿನ ಬುರುಡೆಗಳನ್ನು ಕಂಡವರಿಗೆ ವಾಲ್ವೆಂದರೆ ಗೊತ್ತು. ಅವು ಒಲೆಯಂತೆ ಕಾಯುತ್ತವೆ, ಕಾಯುವವರೆಗೆ ಕೆಲಸ ಮಾಡುವುದಿಲ್ಲ, ಕಾದು ಕಾದು ಸುಟ್ಟು ಹೋಗುತ್ತವೆ. 1947ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಬಾರ್ಡೀನ್, ಬ್ರಟೇನ್ ಎಂಬ ವಿಜ್ಞಾನಿಗಳು ಟ್ರಾನ್ಸಿಸ್ಟರನ್ನು ಮಾಡಿ ತೋರಿಸಿದರು. ಅವರಿಗೂ ಅವರೊಡನಿದ್ದ ಷಾಕ್ಲಿಯವರಿಗೂ 1956ರಲ್ಲಿ ನೊಬೆಲ್ ಬಹುಮಾನ ಬಂತು. ಅಗ್ಗಿಷ್ಟಿಕೆ ಮಾಡುತ್ತಿದ್ದ ಕೆಲಸವನ್ನು ಒಂದು ಕಡಲೆಕಾಳಿನಷ್ಟು ವಸ್ತು ತಣ್ಣಗೆ ಮಾಡತೊಡಗಿತು. ರೇಡಿಯೋ ಬೇಗ ಚಿಕ್ಕದಾಯಿತು. ನಮ್ಮ ಹಳ್ಳಿಗಳಲ್ಲಿ ಟ್ರಾನ್ಸಿಸ್ಟರ್ ಎಂದರೆ ಈಗಲೂ ರೇಡಿಯೋ ಎಂದೇ ಅರ್ಥ.

ಟಿ.ವಿ. ಅಷ್ಟು ಸುಲಭವಾಗಿ ಬಗ್ಗಲಿಲ್ಲ. ಪರದೆಯ ಮೇಲೆ ಗೆರೆ ಎಳೆಯಲು ಬೇಕಾದ ವೇಗ, ಟ್ಯೂಬಿಗೆ ಬೇಕಾದ ಒತ್ತಡ ಇವೆರಡನ್ನೂ ಆಗಿನ ಟ್ರಾನ್ಸಿಸ್ಟರುಗಳು ತಡೆಯುತ್ತಿರಲಿಲ್ಲ. 1959ರಲ್ಲಿ ಅಮೆರಿಕದ ಫಿಲ್ಕೋ ಕಂಪನಿ ಸಫಾರಿ ಎಂಬ ಬ್ಯಾಟರಿ ಟಿ.ವಿ. ಹೊರತಂದಿತು. ಅದರ ಟ್ಯೂಬು ಕೇವಲ 2 ಇಂಚು. ಚಿತ್ರವನ್ನು ಕನ್ನಡಿಯ ಸಹಾಯದಿಂದ ದೊಡ್ಡದು ಮಾಡಿ ತೋರಿಸುತ್ತಿತ್ತು. ಮರುವರ್ಷ, 1960ರಲ್ಲಿ, ಜಪಾನಿನ ಸೋನಿ ಕಂಪನಿಯ 8 ಇಂಚಿನ ಟಿವಿ8-301 ಬಂತು. ಕನ್ನಡಿಯಿಲ್ಲದೆ ಪರದೆಯನ್ನೇ ನೇರವಾಗಿ ನೋಡಬಹುದಾದ ಮೊದಲ ಟ್ರಾನ್ಸಿಸ್ಟರ್ ಟಿ.ವಿ. ಅದು. ಒಳಗೆ 23 ಟ್ರಾನ್ಸಿಸ್ಟರುಗಳು. ಬೆಲೆ ದುಬಾರಿ, ಪದೇ ಪದೇ ಕೆಡುವ ಸ್ವಭಾವ. 1962ರಲ್ಲಿ ಅದೇ ಕಂಪನಿಯ 5 ಇಂಚಿನ ಸೆಟ್ಟು ಬಂತು, ತೂಕ 4 ಕಿಲೋಗೂ ಕಡಿಮೆ. ಸಂಗ್ರಾಹಕರು ಹುಡುಕಾಡುವುದು ಇಂಥವನ್ನು. ಬೇಗ ಕೆಟ್ಟವು ಬೇಗ ಬಿಸಾಡಲ್ಪಟ್ಟವು, ಆದ್ದರಿಂದಲೇ ಅವು ಈಗ ಅಪರೂಪ. ಒಂದು ತಮಾಷೆ ನೋಡಿ: ಟ್ರಾನ್ಸಿಸ್ಟರ್ ಟಿ.ವಿ. ಎಂದು ಕರೆದರೂ ಅದರಲ್ಲಿ ಒಂದು ವಾಲ್ವು ಉಳಿದೇ ಇತ್ತು. ಪಿಕ್ಚರ್ ಟ್ಯೂಬು ಗಾಳಿ ತೆಗೆದ ಗಾಜಿನ ಬುರುಡೆಯಲ್ಲದೆ ಮತ್ತೇನು? ಸೆಟ್ಟು ಹಾಕಿದ ಕೂಡಲೇ ಧ್ವನಿ ಬಂದು, ಚಿತ್ರ ಸ್ವಲ್ಪ ತಡವಾಗಿ ಮೂಡಿದರೆ ಅದು ಟ್ರಾನ್ಸಿಸ್ಟರಿನದು. ಧ್ವನಿಯೂ ತಡವಾದರೆ ವಾಲ್ವಿನದು. ಹಳೆಯ ಸೆಟ್ಟು ಪರೀಕ್ಷಿಸಲು ನನ್ನ ಗುರುಗಳು ಕಲಿಸಿದ ಮೊದಲ ಪಾಠ ಇದು.

ನಮ್ಮ ದೇಶಕ್ಕೆ ಬರೋಣ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಟಿ.ವಿ. ಪ್ರಸಾರ ಆರಂಭವಾಯಿತು. 1967ರ ಜನವರಿ 26ರಂದು ರೈತರಿಗಾಗಿ ಕೃಷಿ ದರ್ಶನ ಕಾರ್ಯಕ್ರಮ ಶುರುವಾಯಿತು. ದೆಹಲಿ ಸುತ್ತಿನ 80 ಹಳ್ಳಿಗಳಲ್ಲಿ ಅದಕ್ಕಾಗಿ ಸಮುದಾಯದ ಸೆಟ್ಟುಗಳನ್ನು ಇಟ್ಟಿದ್ದರು. ಮುಂಬಯಿಗೆ 1972ರಲ್ಲಿ, ಮದರಾಸಿಗೆ 1975ರಲ್ಲಿ ಟಿ.ವಿ. ಬಂತು. ನಮ್ಮ ಬೆಂಗಳೂರಿನ ಬಿ.ಇ.ಎಲ್. ಕಾರ್ಖಾನೆ 1970ರ ಹೊತ್ತಿಗೇ ಕಪ್ಪು ಬಿಳುಪಿನ ಪಿಕ್ಚರ್ ಟ್ಯೂಬು ತಯಾರಿಸತೊಡಗಿತ್ತು. ಆದರೆ ಬೆಂಗಳೂರಿನ ಮನೆಗಳಿಗೆ ದೂರದರ್ಶನ ಬಂದದ್ದು 1981ರಲ್ಲಿ. ನೇಯುವವಳಿಗೆ ಸೀರೆ ಇಲ್ಲ ಎಂಬಂತೆ, ಹತ್ತು ವರ್ಷ ಟ್ಯೂಬುಗಳು ಬೇರೆ ಊರುಗಳಿಗೆ ಹೋಗುತ್ತಿದ್ದವು.

ಹಾಗಾದರೆ ಕರ್ನಾಟಕದಲ್ಲಿ ಟಿ.ವಿ.ಯನ್ನು ಮೊದಲು ಕಂಡ ಜನಸಾಮಾನ್ಯರು ಯಾರು? ರಾಜಧಾನಿಯ ಶ್ರೀಮಂತರಲ್ಲ. ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಯವರು. ಇದನ್ನು ಮೊದಲ ಸಲ ಓದಿದಾಗ ನನಗೆ ನಂಬಿಕೆ ಬರಲಿಲ್ಲ. ವಿಕ್ರಮ್ ಸಾರಾಭಾಯಿಯವರ ಕನಸು ಅದು. 1969ರಲ್ಲಿ ನಮ್ಮ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾಕ್ಕೂ ಒಪ್ಪಂದವಾಯಿತು. ಕನಸು ನನಸಾಗುವುದನ್ನು ನೋಡಲು ಸಾರಾಭಾಯಿ ಉಳಿಯಲಿಲ್ಲ, 1971ರ ಡಿಸೆಂಬರಿನಲ್ಲಿ ತೀರಿಕೊಂಡರು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಎ.ಟಿ.ಎಸ್.-6 ಎಂಬ ಅಮೆರಿಕದ ಉಪಗ್ರಹವನ್ನು ಭಾರತಕ್ಕೆ ಎರವಲು ಕೊಟ್ಟರು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಬಂತು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು 'ಸೈಟ್' ಎಂದು ಕರೆದರು. ಸೆಟ್ಟುಗಳು ಹೈದರಾಬಾದಿನ ಇ.ಸಿ.ಐ.ಎಲ್. ಎಂಬ ಸರ್ಕಾರಿ ಕಾರ್ಖಾನೆಯವು. ಕೋಳಿಗೂಡಿಗೆ ಹಾಕುವಂಥ ತಂತಿ ಬಲೆಯಿಂದ ಮಾಡಿದ 3 ಮೀಟರ್ ಅಗಲದ ಕೊಡೆಯೇ ಆಂಟೆನಾ. ಬೆಳಿಗ್ಗೆ ಶಾಲಾ ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಕಾರ್ಯಕ್ರಮ. ರಜೆಯ ದಿನಗಳಲ್ಲಿ ಇದೇ ಟಿ.ವಿ.ಯ ಮೂಲಕ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿ ಕೊಟ್ಟರು. ಉಪಗ್ರಹದ ಮೂಲಕ ಸಂಪರ್ಕ ಸಾಧ್ಯವೆಂದು 1945ರಲ್ಲೇ ಬರೆದಿದ್ದ ಆರ್ಥರ್ ಕ್ಲಾರ್ಕರ ಕೊಲಂಬೋದ ಮನೆಗೂ ನಮ್ಮವರು ಹೋಗಿ ಇಂಥದೊಂದು ಸೆಟ್ಟು ಜೋಡಿಸಿ ಬಂದರು.

ಆ ಸೆಟ್ಟುಗಳ ವಿಚಾರದಲ್ಲಿ ನನ್ನ ಮನಸ್ಸು ಹಿಡಿದ ಸಂಗತಿ ಬೇರೆ. ಅವನ್ನು ಯಾರ ಮನೆಯಲ್ಲೂ ಇಡುತ್ತಿರಲಿಲ್ಲ. ಶಾಲೆ, ಪಂಚಾಯಿತಿ ಕಟ್ಟಡ ಇಂಥ ಊರಿಗೆಲ್ಲ ಸೇರಿದ ಜಾಗದಲ್ಲೇ ಇಡುತ್ತಿದ್ದರು. ವರ್ಷ ಮುಗಿದ ಮೇಲೆ ಉಪಗ್ರಹ ಹೊರಟುಹೋಯಿತು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಮೇಲಿನ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗಿಂತ ನಾಲ್ಕು ವರ್ಷ ಮೊದಲು!

ಈ ಲೆಕ್ಕ ನನ್ನ ಸಂಗ್ರಹಕ್ಕೂ ಬೇಕಾಯಿತು. 1970ರ ದಶಕದ ಸೆಟ್ಟು ಚಾಮರಾಜನಗರದ ಕಡೆ ಸಿಕ್ಕಿದರೆ ಅದು ಹೊರಗಿನಿಂದ ಬಂದದ್ದೇ ಸೈ, ಏಕೆಂದರೆ ಆಗ ಇಲ್ಲಿ ನೋಡಲು ಏನೂ ಇರಲಿಲ್ಲ. ನನ್ನ ಎರಡನೆಯ ಸೆಟ್ಟು ಸಿಕ್ಕಿದ್ದು ಗುಂಡ್ಲುಪೇಟೆಯಲ್ಲಿ, ಸುಲ್ತಾನ್ ಬತ್ತೇರಿ ರಸ್ತೆಯ ಒಂದು ಗುಜರಿಯಲ್ಲಿ. 5 ಇಂಚಿನ ಪರದೆ, ಕೈಹಿಡಿ, ಎಳೆದರೆ ಉದ್ದವಾಗುವ ಕಡ್ಡಿ ಆಂಟೆನಾ, 12 ವೋಲ್ಟ್ ಬ್ಯಾಟರಿಯ ತೂತು, ಪಕ್ಕದಲ್ಲೇ ರೇಡಿಯೋ. ಜಪಾನಿನದು. ನನ್ನ ಎದೆ ಡವಡವ ಎಂದಿತು. 1962ರದೇ ಇರಬಹುದೇ? ಎಂಟುನೂರು ಕೊಟ್ಟು, ಯಾರಾದರೂ ಕಸಿದುಕೊಳ್ಳುತ್ತಾರೇನೋ ಎಂಬಂತೆ ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಮೆಕ್ಯಾನಿಕ್ ಹಿಂದಿನ ಚೀಟಿ ಓದಿ, ಮುಚ್ಚಳ ಬಿಚ್ಚಿ ನೋಡಿ, ನಕ್ಕುಬಿಟ್ಟರು. ಅಷ್ಟು ಹಳೆಯದಲ್ಲ. ಕೊಲ್ಲಿ ದೇಶದಿಂದ ಕೇರಳಕ್ಕೆ ಮರಳಿದವರ ಕೈಯಲ್ಲಿ ಬಂದು, ಗಡಿ ದಾಟಿದ ಸೆಟ್ಟು. ನಮ್ಮದರಂತೆಯೇ 625 ಗೆರೆಗಳ ಪದ್ಧತಿ ಅಲ್ಲಿಯೂ ಇದ್ದದ್ದರಿಂದ ಇಲ್ಲಿ ಕೆಲಸ ಮಾಡಿತ್ತು. ಜಪಾನ್, ಅಮೆರಿಕಗಳ ತಮ್ಮ ಬಳಕೆಯ ಸೆಟ್ಟುಗಳಲ್ಲಿ 525 ಗೆರೆ. ಅಂಥದನ್ನು ಇಲ್ಲಿಗೆ ತಂದರೆ ಗುಬುಟು ತಿರುಗಿಸಿ ಚಿತ್ರವನ್ನು ಹೇಗೋ ನಿಲ್ಲಿಸಬಹುದು, ಮಾತು ಮಾತ್ರ ಕೇಳುವುದಿಲ್ಲ. ನಿರಾಸೆಯಾದರೂ ಒಂದು ವಿದ್ಯೆ ಕಲಿತೆ. ಆಮೇಲೆ ಇನ್ನೆರಡು ಸೆಟ್ಟು ಸೇರಿದವು. ಎರಡೂ ನಮ್ಮ ದೇಶದಲ್ಲೇ ತಯಾರಾದ, ಬ್ಯಾಟರಿಗೂ ನಡೆಯುವ 14 ಇಂಚಿನವು.

ಇಂಥವು ಇಷ್ಟು ಕಡಿಮೆ ಏಕೆ ಸಿಗುತ್ತವೆ ಎಂದು ಗುಜರಿಯಲ್ಲಿ ನಿಂತು ನೋಡಿದರೆ ತಿಳಿಯುತ್ತದೆ. ಟ್ಯೂಬಿನ ಕುತ್ತಿಗೆಯ ಸುತ್ತ ತಾಮ್ರದ ಸುರುಳಿ ಇರುತ್ತದೆ. ಕುತ್ತಿಗೆ ಮುರಿದು, ಸುರುಳಿ ಬಿಚ್ಚಿಕೊಂಡು, ಉಳಿದದ್ದನ್ನು ತಿಪ್ಪೆಗೆ ಎಸೆಯುತ್ತಾರೆ. ಮರದ ಪೆಟ್ಟಿಗೆ ನೀರೊಲೆಗೆ ಹೋಗುತ್ತದೆ. ಉಳಿಸಿಕೊಂಡರೂ ಅದಕ್ಕೆ ಊಟವಿಲ್ಲ. ದೂರದರ್ಶನದ ಹಳೆಯ ಪದ್ಧತಿಯ ಪ್ರಸಾರ ಗೋಪುರಗಳಲ್ಲಿ ಹೆಚ್ಚಿನವು 2022ರ ಹೊತ್ತಿಗೆ ಮುಚ್ಚಿದವು. ಆಂಟೆನಾಕ್ಕೆ ಕಟ್ಟಿ ತಿರುಗಿಸಿದರೆ ಇರುವೆ ಮಾತ್ರ. ಮೆಕ್ಯಾನಿಕ್ ಒಂದು ಹಳೆಯ ವಿಡಿಯೋ ಪ್ಲೇಯರ್ ಜೋಡಿಸಿಕೊಟ್ಟರು. ಅದರ ತಂತಿಯನ್ನು ಆಂಟೆನಾದ ಜಾಗಕ್ಕೆ ಸಿಕ್ಕಿಸಿದರೆ ಪರದೆಯಲ್ಲಿ ಚಿತ್ರ ಬರುತ್ತದೆ.

ಈಗ ಕಿಟಕಿಯ ಮಾತು.

ಫೆಬ್ರವರಿ 28, ವಿಜ್ಞಾನ ದಿನ. ನಮ್ಮ ಶಾಲೆಯಲ್ಲಿ ಪ್ರದರ್ಶನ. ವಿಜ್ಞಾನದ ಮೇಷ್ಟರು, "ಮೇಡಂ, ನಿಮ್ಮ ಟಿ.ವಿ. ತನ್ನಿ" ಎಂದು ದುಂಬಾಲು ಬಿದ್ದರು. ನಾಲ್ಕನ್ನೂ ತಂದು ಮೇಜಿನ ಮೇಲೆ ಜೋಡಿಸಿ, ಒಂದೊಂದರ ಮುಂದೆ ಚೀಟಿ ಬರೆದಿಟ್ಟೆ. ಮಕ್ಕಳು ಗುಂಪುಗೂಡಿದರು. ನಾನು ಉತ್ಸಾಹದಲ್ಲಿ ಭಾಷಣ ಮಾಡಿದೆ. ರಾಮಾಯಣ ಧಾರಾವಾಹಿ 1987ರ ಜನವರಿ 25ರಿಂದ 1988ರ ಜುಲೈ 31ರವರೆಗೆ ಭಾನುವಾರ ಬೆಳಿಗ್ಗೆ ಬರುತ್ತಿದ್ದುದು, ಬೀದಿಗಳು ಖಾಲಿಯಾಗುತ್ತಿದ್ದುದು, ನಮ್ಮವ್ವ ಟಿ.ವಿ.ಗೆ ಅರಿಶಿನ ಕುಂಕುಮ ಹಚ್ಚಿ ಊದುಬತ್ತಿ ಹಚ್ಚುತ್ತಿದ್ದುದು ಎಲ್ಲ ಹೇಳಿ, "ಇಡೀ ಊರೇ ನಮ್ಮ ಮನೆ ಪಡಸಾಲೆಯಲ್ಲಿ ಕೂತು ನೋಡುತ್ತಿತ್ತು" ಎಂದು ಮುಗಿಸಿದೆ. ಈ ವಾಕ್ಯವನ್ನು ನಾನು ಎಷ್ಟೋ ಕಡೆ ಹೇಳಿದ್ದೆ. ನಂಬಿಯೂ ಇದ್ದೆ.

ಬಿಸಿಯೂಟದ ಅಡುಗೆ ಮಾಡುವ ಹೆಂಗಸರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ಅವರಲ್ಲೊಬ್ಬಾಕೆ ನನ್ನ ತವರೂರಿನವಳೇ, ನನ್ನ ವಯಸ್ಸಿನವಳೇ. ಊರಿನ ಕೇರಿಯಲ್ಲಿ ಹುಟ್ಟಿದವಳು. ಐದನೆಯ ತರಗತಿಯವರೆಗೆ ನಾವಿಬ್ಬರೂ ಒಂದೇ ಶಾಲೆ. ಮಧ್ಯಾಹ್ನ ಪಾತ್ರೆ ತೊಳೆಯುವ ಹೊತ್ತಿಗೆ ನಾನು ಕೈ ತೊಳೆಯಲು ಹೋದಾಗ, ತಲೆಯೆತ್ತದೆ ಕೇಳಿದಳು:

"ಇಡೀ ಊರು ಅಂದ್ಬುಟ್ರಲ್ಲಕ್ಕ, ನಾವು ಊರಲ್ವಾ?"

ನಾನು ನಿಂತೆ.

"ನಾವು ಕಿಟಕಿ ಆಚ ನಿಂತ್ಕತಿದ್ದೊ. ಕಂಬಿ ಹಿಡ್ಕಂಡು. ಒಳಗಿದ್ದೋರ ತಲೆ ಸಂದಿಲಿ ಅರ್ಧ ಪರದ ಕಾಣೋದು. ರಾಮ ಕಂಡ್ರ ಸೀತ ಕಾಣ್ತಿರ್ಲಿಲ್ಲ. ನಿಮ್ಮಜ್ಜಿ ಗದರ್ದೇಟ್ಗೆ ಕಿಟಕಿ ಹಾಕ್ಬುಡೋರು ನೀವು. ಆಮೇಲ ಬರೀ ಮಾತು ಕೇಳ್ಕಂಡು ನಿಂತ್ಕತಿದ್ದೊ."

ನೀವು, ಎಂದಳು. ಬೇರೆ ಯಾರೂ ಅಲ್ಲ.

ಆಗ ಒಂದೊಂದೇ ನೆನಪಾಯಿತು. ಯಾರಾದರೂ ಹೇಳುವವರೆಗೆ ಬರದ ನೆನಪು, ಹೇಳಿದೊಡನೆ ಇಷ್ಟು ಸ್ಪಷ್ಟವಾಗಿ ಹೇಗೆ ಬರುತ್ತದೋ ತಿಳಿಯದು. ಟಿ.ವಿ. ಪೆಟ್ಟಿಗೆಯ ಬೀಗದ ಕೈ ನನ್ನ ಲಂಗದ ಲಾಡಿಗೆ ಕಟ್ಟಿರುತ್ತಿತ್ತು. ಆ ಜಂಬವೇ ಜಂಬ. ಕಾರ್ಯಕ್ರಮ ಮುಗಿದ ಮೇಲೆ ಅಜ್ಜಿ ಆ ಕಿಟಕಿಯ ಕಂಬಿಗಳಿಗೆ ನೀರು ಹಾಕಿಸುತ್ತಿದ್ದರು. ಚೆಂಬು ಹಿಡಿದು ನೀರು ಹುಯ್ಯುತ್ತಿದ್ದವಳು ನಾನು. ವಾರ ವಾರವೂ. ಜಗಲಿಯ ಮೇಲೆ ಕಿತ್ತಿಟ್ಟಿದ್ದ ಕಿಟಕಿಯ ತುಕ್ಕು ಮಳೆಯದಾಗಿರಲಿಲ್ಲ.

ಕೇರಿಯ ಮನೆಗಳಿಗೆ ಆಗ ಇದ್ದದ್ದು ಭಾಗ್ಯಜ್ಯೋತಿಯ ಒಂದೊಂದು ಬಲ್ಬು. ಅಲ್ಲಿಗೊಂದು ಟಿ.ವಿ. ಬರಲು ಇನ್ನೂ ಎಷ್ಟೋ ವರ್ಷ ಬೇಕಾಯಿತು. ಅಷ್ಟರಲ್ಲಿ ರಾಮಾಯಣವೂ ಮುಗಿದಿತ್ತು, ಮಹಾಭಾರತವೂ ಮುಗಿದಿತ್ತು.

ನನ್ನ ಮುಖ ಏನಾಗಿತ್ತೋ, ಅವಳೇ ಸಮಾಧಾನ ಹೇಳಿದಳು. "ಬೇಜಾರ್ಗ ಹೇಳ್ಲಿಲ್ಲ ಕನಕ್ಕ. ಆಗ ನೀವೂ ಮಕ್ಕ, ನಾವೂ ಮಕ್ಕ. ಈಗ ನಮ್ಮನೇಲೂ ದೊಡ್ ಟಿ.ವಿ. ಅದ. ಮಕ್ಕಳ್ಗ ಹೇಳಾಗ ಸರಿಯಾಗಿ ಹೇಳಿ, ಅಷ್ಟೇಯ."

ತಪ್ಪಾಯಿತು ಎಂದೆ. ಅವಳು ಪಾತ್ರೆ ಮಗುಚಿ ಹಾಕಿ, "ಆಯ್ತು ಬುಡಿ" ಎಂದಳು. ಅಷ್ಟಕ್ಕೆ ಮುಗಿಯಿತೆಂದು ನಾನು ಹೇಳುವುದಿಲ್ಲ. ಅದು ಮುಗಿಯಿತೋ ಇಲ್ಲವೋ ಹೇಳಬೇಕಾದವಳು ಅವಳು.

ಮಾರನೆಯ ದಿನ ಅದೇ ತರಗತಿಗೆ ಹೋಗಿ, ನಿನ್ನೆ ಹೇಳಿದ್ದು ಸುಳ್ಳೆಂದು ಹೇಳಿದೆ. ಕಿಟಕಿ, ಕಂಬಿ, ಚೆಂಬು ಎಲ್ಲವನ್ನೂ ಹೇಳಿದೆ. ಮಕ್ಕಳು ಗಲಾಟೆ ಮಾಡಲಿಲ್ಲ. ಒಬ್ಬ ಹುಡುಗಿ, "ಮಿಸ್, ಅವರನ್ನು ಒಳಗೆ ಕರೆದಿದ್ರೆ ನಿಮ್ಮಜ್ಜಿ ಏನು ಮಾಡ್ತಿದ್ರು?" ಎಂದು ಕೇಳಿದಳು. ಬೈಯುತ್ತಿದ್ದರು, ಅಷ್ಟೇ, ಎಂದೆ. ಬೈಸಿಕೊಳ್ಳುವ ಧೈರ್ಯ ನನಗಿರಲಿಲ್ಲ. ಅದನ್ನೂ ಹೇಳಿದೆ. ಚೀಟಿ ಹರಿದು ಬೇರೆ ಬರೆದೆ: "20 ಇಂಚು, ಕಪ್ಪು ಬಿಳುಪು, ಟ್ರಾನ್ಸಿಸ್ಟರ್. 1985ರಲ್ಲಿ ಬಂದದ್ದು. ಊರಿನ ಕೆಲವರು ಒಳಗೆ ಕೂತು ನೋಡಿದರು. ಕೆಲವರು ಕಿಟಕಿಯ ಹೊರಗೆ ನಿಂತು ನೋಡಿದರು. ಕಿಟಕಿಯನ್ನು ಮುಚ್ಚುತ್ತಿದ್ದವಳು ಈ ಚೀಟಿ ಬರೆದವಳು."

ಕೆಲವು ತಿಂಗಳ ನಂತರ ಬೆಂಗಳೂರಿನಿಂದ ಒಬ್ಬ ಸಂಗ್ರಾಹಕರು ಬಂದಿದ್ದರು. ಗುಂಡ್ಲುಪೇಟೆಯ ಪುಟ್ಟ ಸೆಟ್ಟಿಗೆ ಒಳ್ಳೆಯ ಬೆಲೆ ಹೇಳಿದರು. ಮರದ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. "ಇದು ಲಕ್ಷಗಟ್ಟಲೆ ತಯಾರಾದ ಮಾಲು ಮೇಡಂ, ಇದಕ್ಕೇನೂ ಬೆಲೆಯಿಲ್ಲ" ಎಂದರು. ಅವರ ಲೆಕ್ಕದಲ್ಲಿ ಅದು ಸರಿಯೇ. ಪುಟ್ಟದನ್ನು ಅವರಿಗೆ ಕೊಟ್ಟು, ಆ ಹಣದಲ್ಲಿ ಮರದ ಸೆಟ್ಟಿನ ಕಂಡೆನ್ಸರುಗಳನ್ನೆಲ್ಲ ಬದಲಾಯಿಸಿ, ಪಾಲಿಷ್ ಹಾಕಿಸಿದೆ. ಬೀಗವನ್ನು ತೆಗೆಸಿದೆ. ಈಗ ಅದು ಶಾಲೆಯಲ್ಲೇ ಇದೆ.

ಅದನ್ನು ಶಾಲೆಗೆ ತಂದ ದಿನ ಆಕೆಯನ್ನು ಕರೆದೆ. ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ಎರಡೂ ಬಾಗಿಲನ್ನು ತಾನೇ ಜರುಗಿಸಿದಳು. ಸ್ವಲ್ಪ ಹೊತ್ತು ನೋಡುತ್ತಾ ನಿಂತು, "ಇಷ್ಟೇ ಇಷ್ಟಾ ಇದು!" ಎಂದಳು. "ಕಿಟಕಿಯಿಂದ ಬೋ ದೊಡ್ಡದಾಗಿ ಕಾಣೋದು ಕನಕ್ಕ."

ನನ್ನ ಸಂಗ್ರಹದಲ್ಲಿ ಇಲ್ಲದಿರುವುದು, ನನಗೆ ಬೇಕಾಗಿರುವುದು, ರಾಯಚೂರು ಸೀಮೆಯ ಯಾವುದಾದರೂ ಶಾಲೆಯಲ್ಲಿ 1975ರಲ್ಲಿ ಇಟ್ಟಿದ್ದ ಒಂದು ಸೆಟ್ಟು. ಆ ಕಡೆಯ ಸೋದರಿಯರು ಯಾರಾದರೂ ಇದನ್ನು ಓದುತ್ತಿದ್ದರೆ, ಹಳೆಯ ಶಾಲೆಯ ಉಗ್ರಾಣದಲ್ಲಿ ತಂತಿ ಬಲೆಯ ಕೊಡೆಯೊಂದು, ಪಕ್ಕದಲ್ಲಿ ಧೂಳು ಹಿಡಿದ ಪೆಟ್ಟಿಗೆಯೊಂದು ಕಂಡರೆ ಗುಜರಿಗೆ ಹಾಕಬೇಡಿ. ಅದನ್ನು ನನಗೇ ಕೊಡಬೇಕೆಂದೇನಿಲ್ಲ. ಊರಿನ ಹಿರಿಯ ಹೆಂಗಸರನ್ನು, ಎಲ್ಲ ಬೀದಿಯವರನ್ನೂ, ಒಮ್ಮೆ ಕೇಳಿ ಬರೆದಿಡಿ: ಆಗ ನೀವು ಎಲ್ಲಿ ಕೂತಿದ್ದಿರಿ ಎಂದು.